ಗುಂಡಿ ಅದೇ, ಗಿಡ ಬೇರೆ

ನಮ್ಮ ಕಾಲೇಜುಗಳಲ್ಲಿ ಜೂನ್ 5 ಹೇಗೆ ನಡೆಯುತ್ತದೆಂದು ಬಲ್ಲವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಗೇಟಿನ ಬಳಿ ಒಂದು ಫ್ಲೆಕ್ಸ್. ಅದರಲ್ಲಿ ಶಾಸಕರ ಮುಖ ದೊಡ್ಡದು, ಆಡಳಿತ ಮಂಡಳಿಯ ಅಧ್ಯಕ್ಷರದು ಅದಕ್ಕಿಂತ ತುಸು ಚಿಕ್ಕದು, ಪ್ರಾಂಶುಪಾಲರದು ಮೂಲೆಯಲ್ಲಿ, ಭೂಮಿಯದು ಎಲ್ಲಕ್ಕಿಂತ ಸಣ್ಣದು. ಕೆಳಗೆ ‘ವಿದ್ಯಾರ್ಥಿಗಳ ನೇತೃತ್ವದಲ್ಲಿ ಹಸಿರು ಕ್ಯಾಂಪಸ್ ಅಭಿಯಾನ’ ಎಂಬ ಬರಹ. ಇಂಥ ಪ್ಲಾಸ್ಟಿಕ್ ಫ್ಲೆಕ್ಸನ್ನು ಕೈಚೀಲ, ತಟ್ಟೆ, ಲೋಟಗಳ ಜೊತೆಗೆ ಕರ್ನಾಟಕ ಸರ್ಕಾರ 2016ರ ಮಾರ್ಚಿನಲ್ಲೇ ನಿಷೇಧಿಸಿತು. ಅದನ್ನು ಕಟ್ಟುವ ಹುಡುಗರಿಗೆ ಈ ಸಂಗತಿ ಗೊತ್ತಿರುವುದಿಲ್ಲ, ಕಟ್ಟಿಸುವವರಿಗೆ ಗೊತ್ತಿರುತ್ತದೆ. ಗಿಡ ನೆಡುವ ಗುಂಡಿ ಹಿಂದಿನ ವರ್ಷದ್ದೇ. ಆಗ ನೆಟ್ಟ ಗಿಡ ಏಪ್ರಿಲಿನಲ್ಲಿ ನೀರಿಲ್ಲದೆ ಒಣಗಿ ಕೋಲಾಗಿರುತ್ತದೆ. ಜವಾನ ಆ ಕೋಲನ್ನು ಬೆಳಿಗ್ಗೆಯೇ ಕಿತ್ತು ಅತ್ತ ಎಸೆದಿರುತ್ತಾನೆ. ಹತ್ತು ಹನ್ನೆರಡು ಕೈಗಳು ಒಂದು ಸಸಿಯನ್ನು ಹಿಡಿದುಕೊಂಡು ನಿಲ್ಲುತ್ತವೆ, ಫೋಟೊ ಆಗುತ್ತದೆ, ಆಮೇಲೆ ಗಣ್ಯರಿಗೆ ಕೈ ತೊಳೆಯಲು ನೀರು ಬರುತ್ತದೆ. ಸಸಿಗೆ ಹಾಕಿದ ನೀರಿಗಿಂತ ಕೈ ತೊಳೆದ ನೀರೇ ಹೆಚ್ಚು.

ಕೆ.ಎಂ. ಮುನ್ಶಿಯವರು 1950ರಲ್ಲಿ ವನಮಹೋತ್ಸವವನ್ನು ಶುರುಮಾಡಿದ ಕಾಲದಿಂದಲೂ ಈ ತಮಾಷೆ ಇದ್ದೇ ಇದೆ. ಅದನ್ನು ಗೇಲಿ ಮಾಡುವುದೂ ಅಷ್ಟೇ ಹಳೆಯದು, ಅದಕ್ಕಾಗಿ ನಾನು ಈ ಲೇಖನ ಬರೆಯುತ್ತಿಲ್ಲ. ನನ್ನ ತಕರಾರಿರುವುದು ಆ ಫ್ಲೆಕ್ಸಿನ ಒಂದೇ ಒಂದು ಪದದ ಮೇಲೆ: ‘ನೇತೃತ್ವ’. ಈ ಮಾತು ನಮ್ಮ ಕ್ಯಾಂಪಸ್ಸುಗಳಿಗೆ ಈಚೆಗೆ ಬಂದದ್ದು. ಮೊದಲೆಲ್ಲ ವಿದ್ಯಾರ್ಥಿಗಳು ‘ಭಾಗವಹಿಸುತ್ತಿದ್ದರು’. ಈಗ ಅವರು ‘ಮುನ್ನಡೆಸುತ್ತಾರೆ’. ಏನನ್ನು ಮುನ್ನಡೆಸುತ್ತಾರೆ? ಕಾರ್ಯಕ್ರಮದ ದಿನಾಂಕ ವಿಶ್ವವಿದ್ಯಾಲಯದ ಸುತ್ತೋಲೆಯಲ್ಲಿ ಬಂದಿರುತ್ತದೆ. ಮುಖ್ಯ ಅತಿಥಿ ಯಾರೆಂದು ಆಡಳಿತ ಮಂಡಳಿ ತೀರ್ಮಾನಿಸಿರುತ್ತದೆ. ಇಕೋ ಕ್ಲಬ್ಬಿನ ಸಂಚಾಲಕರು ಉಪನ್ಯಾಸಕರು, ಕ್ಲಬ್ಬಿನ ವಿದ್ಯಾರ್ಥಿ ಅಧ್ಯಕ್ಷನನ್ನು ಆರಿಸುವವರೂ ಅವರೇ. ವಿದ್ಯಾರ್ಥಿಗೆ ಉಳಿಯುವುದು ಕುರ್ಚಿ ಜೋಡಿಸುವುದು, ಪ್ರಾರ್ಥನೆ ಹಾಡುವುದು, ಕೊನೆಯಲ್ಲಿ ವಂದನಾರ್ಪಣೆ. ಇದನ್ನು ನೇತೃತ್ವ ಎನ್ನುವುದಾದರೆ ಮದುವೆ ಮನೆಯಲ್ಲಿ ಊಟಕ್ಕೆ ಎಲೆ ಹಾಕುವ ಹುಡುಗರನ್ನೂ ಯಜಮಾನರೆಂದು ಕರೆಯಬೇಕಾಗುತ್ತದೆ.

ಪರಿಸರ ನಮ್ಮ ಕಾಲೇಜುಗಳ ಒಳಗೆ ಬಂದ ದಾರಿಯನ್ನು ನೋಡಿದರೆ ಇದು ಹೀಗೇಕೆ ಆಯಿತೆಂದು ತಿಳಿಯುತ್ತದೆ. ವಕೀಲ ಎಂ.ಸಿ. ಮೆಹ್ತಾ ಹಾಕಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1991ರ ನವೆಂಬರಿನಲ್ಲಿ ಪರಿಸರವನ್ನು ಪಾಠವಾಗಿ ಕಲಿಸಲೇಬೇಕೆಂದು ಹೇಳಿತು. ಆ ಮಾತು ಕೆಲಸವಾಗಿ ಇಳಿಯಲು ಹನ್ನೆರಡು ವರ್ಷ ಹಿಡಿಯಿತು. ಕೋರ್ಟು 2003ರಲ್ಲಿ ಮತ್ತೆ ಕಣ್ಣು ಕೆಂಪು ಮಾಡಿದ ಹೊತ್ತಿಗೆ ಯುಜಿಸಿ ಎಲ್ಲ ಪದವಿ ತರಗತಿಗಳಿಗೂ ಆರು ತಿಂಗಳ ಪಠ್ಯವೊಂದನ್ನು ಸಿದ್ಧಪಡಿಸಿತ್ತು. ಆ ಪಠ್ಯ ಒಟ್ಟು ಐವತ್ತು ಪಾಠಗಳದು. ಐವತ್ತರಲ್ಲಿ ನಲವತ್ತೈದು ಗೋಡೆಗಳ ನಡುವೆ, ಐದು ಮಾತ್ರ ಹೊರಗೆ. ಹೊರಗೆ ಏನು ಮಾಡಬೇಕೆಂಬುದನ್ನೂ ಪಠ್ಯ ಬರೆದಿತ್ತು: ನದಿ, ಕಾಡು, ಬೆಟ್ಟ ನೋಡಬೇಕು, ಹಕ್ಕಿ ಗಿಡ ಗುರುತಿಸಬೇಕು, ಮತ್ತು ಸ್ಥಳೀಯವಾಗಿ ಮಲಿನಗೊಂಡ ಒಂದು ಜಾಗಕ್ಕೆ ಹೋಗಿ ಬರಬೇಕು. ಈ ಕಡೆಯದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಬಹುತೇಕ ಕಾಲೇಜುಗಳಲ್ಲಿ ಈ ಐದು ಗಂಟೆಗಳ ಹೊರಸಂಚಾರ ಜಲಪಾತದ ಪಿಕ್ನಿಕ್ಕಾಗಿ ಮುಗಿಯಿತು. ಮಿಕ್ಕದ್ದನ್ನು ಗೈಡ್ ನೋಡಿ ಬರೆದು ಪಾಸಾದರು. ಓಝೋನ್ ಪದರದ ವ್ಯಾಖ್ಯೆಯನ್ನು ತಪ್ಪಿಲ್ಲದೆ ಬರೆಯುವ ಹುಡುಗಿಗೆ ತನ್ನ ಹಾಸ್ಟೆಲಿನ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆಂದು ಗೊತ್ತಿಲ್ಲದಿದ್ದರೂ ಯಾರಿಗೂ ಅದು ಕೊರತೆ ಎನಿಸಲಿಲ್ಲ.

ಆಮೇಲೆ ಬಂದದ್ದು ನ್ಯಾಕ್. ಕಾಲೇಜುಗಳಿಗೆ ದರ್ಜೆ ಕೊಡುವ ಈ ಸಂಸ್ಥೆ 1994ರಲ್ಲಿ ಹುಟ್ಟಿದ್ದು, ಅದರ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. 2017ರಲ್ಲಿ ಅದು ತನ್ನ ಅಳತೆಗೋಲನ್ನು ಪರಿಷ್ಕರಿಸಿದಾಗ ಏಳನೆಯ ಮಾನದಂಡದಲ್ಲಿ ಹಸಿರಿಗೂ ಅಂಕ ಇಟ್ಟಿತು. ಸೌರ ವಿದ್ಯುತ್ ಇದೆಯೇ, ಮಳೆನೀರು ಕೊಯ್ಲು ಇದೆಯೇ, ವಾಹನಗಳಿಗೆ ನಿರ್ಬಂಧ ಇದೆಯೇ, ಪ್ಲಾಸ್ಟಿಕ್ ನಿಷೇಧಿಸಿದ್ದೀರಾ, ಹಸಿರು ಆಡಿಟ್ ಮಾಡಿಸಿದ್ದೀರಾ, ಕ್ಯಾಂಪಸ್ಸಿನ ಹೊರಗೆ ಪರಿಸರ ಚಟುವಟಿಕೆ ನಡೆಸಿದ್ದೀರಾ ಎಂದು ಕೇಳಿತು. ಕೇಳಿದ್ದೆಲ್ಲ ಒಳ್ಳೆಯದೇ. ಆದರೆ ಪುರಾವೆಯಾಗಿ ಕೇಳಿದ್ದು ಜಿಯೋ ಟ್ಯಾಗ್ ಮಾಡಿದ ಫೋಟೊ. ಎಂದರೆ ಚಿತ್ರದ ಅಡಿಯಲ್ಲಿ ಅಕ್ಷಾಂಶ ರೇಖಾಂಶ ಮೂಡಿರಬೇಕು. ಅಲ್ಲಿಂದ ನಮ್ಮ ಕಾಲೇಜುಗಳಲ್ಲಿ ಹೊಸ ಬೇಸಾಯ ಆರಂಭವಾಯಿತು, ಫೋಟೊ ಬೇಸಾಯ. ಅಕ್ಷಾಂಶ ರೇಖಾಂಶಗಳು ಸರಿಯಾಗಿವೆ, ಗಿಡ ಮಾತ್ರ ಅಲ್ಲಿಲ್ಲ. ಮಳೆನೀರಿನ ಕೊಳವೆ ಚಾವಣಿಯಿಂದ ಇಳಿದಿರುತ್ತದೆ, ಕೆಳಗೆ ಅದು ಸೇರಬೇಕಾದ ಹೊಂಡವೇ ಇರುವುದಿಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಂಥ ಊರಿನಲ್ಲಿ 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟೆಯ ನೀರು ಸಾಲದೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಕೊಳವೆಯ ಫೋಟೊ ತೆಗೆದವರು ಹೊಂಡದ ಫೋಟೊವನ್ನೂ ತೆಗೆಯಬೇಕಾಗಿತ್ತು.

ಕೆಲವು ವರ್ಷಗಳ ಹಿಂದೆ ನನ್ನನ್ನೂ ಒಂದು ಕಾಲೇಜಿನವರು ಇಂಥ ಸಮಾರಂಭಕ್ಕೆ ಕರೆದಿದ್ದರು. ಊರು, ಹೆಸರು ಬೇಡ. ಕಥೆ ಬರೆಯುವವನಿಗೂ ಪರಿಸರಕ್ಕೂ ಏನು ಸಂಬಂಧವೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ವೇದಿಕೆಯ ಮೇಲೆ ಏಳು ಜನ, ಏಳು ಪ್ಲಾಸ್ಟಿಕ್ ನೀರಿನ ಬಾಟಲಿ, ಏಳು ಹೂಗುಚ್ಛ, ಪ್ರತಿ ಗುಚ್ಛಕ್ಕೂ ಪ್ಲಾಸ್ಟಿಕ್ ಹೊದಿಕೆ. ಭಾಷಣ ಮುಗಿಸಿ ಕೆಳಗಿಳಿದಾಗ ಎರಡನೇ ಬಿ.ಎಸ್ಸಿ.ಯ ಹುಡುಗಿಯೊಬ್ಬಳು ಬಂದು, “ಸರ್, ಒಂದು ನಿಮಿಷ ಹಾಸ್ಟೆಲ್ ಹಿಂದೆ ಬರ್ತೀರಾ?” ಎಂದಳು. ಹೋದೆ. ಅಲ್ಲಿ ಕಾಂಪೌಂಡಿನ ಮೂಲೆಯಲ್ಲಿ ಕಸ ಹೊಗೆಯಾಡುತ್ತಿತ್ತು. ಮೆಸ್ಸಿನ ಎಂಜಲು, ಹಾಲಿನ ಖಾಲಿ ಪಾಕೀಟು, ಹೆಣ್ಣುಮಕ್ಕಳ ಹಾಸ್ಟೆಲಿನ ಸ್ಯಾನಿಟರಿ ಪ್ಯಾಡುಗಳು, ಪ್ರಯೋಗಾಲಯದ ಒಡೆದ ಗಾಜು ಎಲ್ಲವೂ ಒಂದೇ ರಾಶಿ. ಗೋಡೆಯಾಚೆ ಹೆಂಚಿನ ನಾಲ್ಕಾರು ಮನೆಗಳು. ಅವಳು ಅದನ್ನು ತಿಂಗಳುಗಟ್ಟಲೆ ಬರೆದಿಟ್ಟಿದ್ದಳು, ಯಾವ ದಿನ ಎಷ್ಟು ಹೊತ್ತಿಗೆ ಬೆಂಕಿ ಹಾಕಿದರು, ಗಾಳಿ ಯಾವ ಕಡೆಗಿತ್ತು ಎಂದು. ಆ ನೋಟ್‌ಬುಕ್ಕನ್ನು ಇಕೋ ಕ್ಲಬ್ಬಿನ ಸಭೆಯಲ್ಲಿ ಇಟ್ಟಾಗ ಸಿಕ್ಕಿದ ಉತ್ತರ, ಇದು ಕ್ಲಬ್ಬಿನ ವ್ಯಾಪ್ತಿಗೆ ಬರುವುದಿಲ್ಲ ಎಂದು. ನಾನು ಪ್ರಾಂಶುಪಾಲರಲ್ಲಿ ಈ ಮಾತೆತ್ತಿದೆ. ಅವರು ನಗುತ್ತ, “ನೀವು ಸಾಹಿತಿಗಳು, ಎಲ್ಲದರಲ್ಲೂ ಕಥೆ ಹುಡುಕುತ್ತೀರಿ” ಎಂದು ಊಟಕ್ಕೆ ಕರೆದರು. ಆ ಕಾಲೇಜಿನಲ್ಲಿ ನಿಜವಾದ ಹಸಿರು ಆಡಿಟ್ ಮಾಡಿದವಳು ಅವಳೊಬ್ಬಳೇ. ವೇದಿಕೆಯ ಮೇಲೆ ಅವಳಿಗೆ ಕೊಟ್ಟಿದ್ದ ಕೆಲಸ ನನಗೆ ಹೂಗುಚ್ಛ ಕೊಡುವುದು.

ಕಾನೂನು ಇಲ್ಲ ಎಂದು ಹೇಳುವಂತಿಲ್ಲ. 2016ರ ಘನತ್ಯಾಜ್ಯ ನಿಯಮಗಳು ದಿನಕ್ಕೆ ಸರಾಸರಿ ನೂರು ಕಿಲೋಗಿಂತ ಹೆಚ್ಚು ಕಸ ಹುಟ್ಟಿಸುವ ಕಾಲೇಜು, ಹಾಸ್ಟೆಲುಗಳನ್ನು ಹೋಟೆಲು ಆಸ್ಪತ್ರೆಗಳ ಸಾಲಿನಲ್ಲೇ ನಿಲ್ಲಿಸಿ ದೊಡ್ಡ ಕಸೋತ್ಪಾದಕರೆಂದು ಕರೆದವು. ಹಸಿ ಕಸವನ್ನು ಸಾಧ್ಯವಾದಷ್ಟೂ ಆವರಣದಲ್ಲೇ ಗೊಬ್ಬರವೋ ಗ್ಯಾಸೋ ಮಾಡಬೇಕೆಂದವು. ಹಾಗೆ ಮಾಡದ ಕಾಲೇಜಿನ ಕಸ ಎಲ್ಲಿಗೆ ಹೋಗುತ್ತದೆ? ಮಂಗಳೂರಿನ ಓದುಗರಿಗೆ ನಾನು ಉತ್ತರ ಹೇಳಬೇಕಾಗಿಲ್ಲ. ಊರಿನ ಕಸವೆಲ್ಲ ಪಚ್ಚನಾಡಿಯಲ್ಲಿ ಬೆಟ್ಟವಾಯಿತು. 2019ರ ಆಗಸ್ಟ್ ಮಳೆಯಲ್ಲಿ ಆ ಬೆಟ್ಟ ಕುಸಿದು ಕೆಳಗಿನ ಮಂದಾರ ಎಂಬ ಊರಿನ ಮೇಲೆ ಹರಿಯಿತು. ಮನೆಗಳು, ಅಡಿಕೆ ತೋಟ, ತೆಂಗಿನ ಮರಗಳು ಕಸದಡಿ ಹೋದವು. ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ಹುಟ್ಟಿ ಬೆಳೆದ ಮನೆ ಬಿಟ್ಟು ಹೊರಡಬೇಕಾಯಿತು. ಭೂಕುಸಿತ ಕೇಳಿದ್ದೇವೆ, ಕಸಕುಸಿತ ಎಂಬ ಪದವನ್ನು ಕನ್ನಡಕ್ಕೆ ಕೊಟ್ಟ ಊರು ನಮ್ಮ ಕರಾವಳಿಯದು. ಬೆಂಗಳೂರಿನ ಕಸ ಮಂಡೂರಿಗೆ ಹೋಗುತ್ತಿತ್ತು. ಅಲ್ಲಿಯವರು ಲಾರಿಗಳ ಮುಂದೆ ಕೂತು ಹಟ ಹಿಡಿದ ಮೇಲೆ 2014ರ ಕೊನೆಗೆ ಅದು ನಿಂತಿತು. ಯುಜಿಸಿ ಪಠ್ಯ ಹೇಳಿದ ಆ ‘ಸ್ಥಳೀಯವಾಗಿ ಮಲಿನಗೊಂಡ ಜಾಗ’ ಹುಡುಕಲು ನಮ್ಮ ಯಾವ ಕಾಲೇಜೂ ದೂರ ಹೋಗಬೇಕಿಲ್ಲ. ಮಂದಾರ ಮಂಗಳೂರಿನ ಕಾಲೇಜುಗಳಿಂದ ಸಿಟಿ ಬಸ್ಸಿನ ದೂರದಲ್ಲಿದೆ. ಕಸ ಯಾರದೆಂದು ಅಲ್ಲಿಯವರು ಕೇಳಿಯಾರೆಂಬ ಭಯವೇ ಜಲಪಾತದ ದಾರಿ ಹಿಡಿಸುತ್ತದೋ ಏನೋ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು, ಇದು ನಮ್ಮ ಓಣಿಗಳಿಗೆ ಸಂಬಂಧಿಸಿದ್ದು. ಕ್ಯಾಂಪಸ್ಸಿನಲ್ಲಿ ಹುಡುಗರು ಒಂದು ದಿನ ಗ್ಲೌಸು ಹಾಕಿಕೊಂಡು ಬಾಟಲಿ ಆಯ್ದರೆ ಅದು ‘ರೀಸೈಕ್ಲಿಂಗ್ ಡ್ರೈವ್’, ಪತ್ರಿಕೆಯಲ್ಲಿ ಫೋಟೊ. ಅದೇ ಬಾಟಲಿಗಳನ್ನು ವರ್ಷದ ಅಷ್ಟೂ ದಿನ ಬರಿಗೈಯಲ್ಲಿ ಆಯುವವನು ಕ್ಯಾಂಪಸ್ಸಿನ ಗೇಟಿನೊಳಗೆ ಕಾಲಿಟ್ಟರೆ ಸೆಕ್ಯುರಿಟಿಯವನು ಕಳ್ಳನೆಂದು ಅಟ್ಟುತ್ತಾನೆ. ನಮ್ಮ ಎಷ್ಟೋ ಊರುಗಳಲ್ಲಿ ಗುಜರಿ ವ್ಯಾಪಾರದಲ್ಲಿ ಬಡ ಮುಸ್ಲಿಮರೂ ದಲಿತರೂ ಬಹಳ ಇದ್ದಾರೆ. ಉರ್ದುವಿನಲ್ಲಿ ‘ಗುಜ್ರಿ’ ಎಂದರೆ ಸಂಜೆ ಹೊತ್ತು ದಾರಿಬದಿಯಲ್ಲಿ ಕೂಡುವ ಸಂತೆ. ಕನ್ನಡಕ್ಕೆ ಬರುವ ಹೊತ್ತಿಗೆ ಆ ಪದ ಬಳಸಿ ಬಿಟ್ಟ ಸಾಮಾನಿನ ಹೆಸರಾಯಿತು, ಬೈಗುಳವೂ ಆಯಿತು. ಕಾಗದ, ರಟ್ಟು, ಕಬ್ಬಿಣ, ಬಾಟಲಿ ಇವು ಮಣ್ಣಿಗೆ ಬೀಳದೆ ಮತ್ತೆ ಕಾರ್ಖಾನೆಗೆ ಹೋಗುತ್ತಿರುವುದು ಈ ಅಂಗಡಿಗಳ ತಕ್ಕಡಿಯಿಂದ. ಅವರ ಮಗ ಅದೇ ಕಾಲೇಜಿನ ಬೆಂಚಿನ ಮೇಲೆ ಕೂತು, ಅಪ್ಪ ಏನು ಮಾಡುತ್ತಾರೆಂದು ಕೇಳಿದರೆ ‘ಬಿಸಿನೆಸ್’ ಎಂದು ತಲೆ ತಗ್ಗಿಸುತ್ತಾನೆ. ಹಸಿರು ಅಭಿಯಾನದ ಉದ್ಘಾಟನೆಗೆ ಆ ಅಪ್ಪನನ್ನು ಕರೆದ ಕಾಲೇಜನ್ನು ನಾನು ಇನ್ನೂ ಕಂಡಿಲ್ಲ. ಹಾಗೆ ಕರೆದರೆ ಅವಮಾನವಾಗುವಂಥದ್ದೇನೂ ಇಲ್ಲ. ಬೆಂಗಳೂರಿನಲ್ಲಿ ಮಹಾನಗರ ಪಾಲಿಕೆಯೇ 2011ರಿಂದ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಡತೊಡಗಿತು. ಆ ಕಸುಬಿನಿಂದಲೇ ಮೇಲೆ ಬಂದು ಜಯನಗರದ ಒಣಕಸ ಕೇಂದ್ರ ನಡೆಸುತ್ತಿದ್ದ ಒಬ್ಬ ಮುಸ್ಲಿಂ ಯುವಕ 2015ರಲ್ಲಿ ಪ್ಯಾರಿಸ್ಸಿನ ಹವಾಮಾನ ಸಮ್ಮೇಳನದವರೆಗೆ ಹೋಗಿ ಬಂದ. ಪ್ಯಾರಿಸ್ಸಿಗೆ ಸಲ್ಲುವವನು ನಮ್ಮ ಸೆಮಿನಾರ್ ಹಾಲಿಗೆ ಸಲ್ಲುವುದಿಲ್ಲವೇ?

ಇಷ್ಟು ಹೇಳಿದರೆ ಕೆಲವು ಉಪನ್ಯಾಸಕ ಮಿತ್ರರು ಮುನಿಸಿಕೊಳ್ಳುತ್ತಾರೆ. ಏನೂ ಮಾಡದೆ ಇರುವುದಕ್ಕಿಂತ ಇದು ವಾಸಿಯಲ್ಲವೇ, ಮಕ್ಕಳಲ್ಲಿ ಅಷ್ಟಾದರೂ ಅರಿವು ಮೂಡುತ್ತದಲ್ಲ ಎನ್ನುತ್ತಾರೆ. ಅವರಲ್ಲಿ ಪ್ರಾಮಾಣಿಕರಿದ್ದಾರೆ. ಸಂಬಳ ಸರಿಯಾಗಿ ಬರದ ಅತಿಥಿ ಉಪನ್ಯಾಸಕರು ತಮ್ಮ ಕೈಯಿಂದ ಹಣ ಹಾಕಿ ಬೀಜದುಂಡೆ ಮಾಡಿಸಿದ್ದನ್ನೂ, ಎನ್‌ಎಸ್‌ಎಸ್ ಹುಡುಗರು ಹಳ್ಳಿಯ ಕಲ್ಯಾಣಿಯ ಹೂಳೆತ್ತಿದ್ದನ್ನೂ ನಾನು ಕಂಡಿದ್ದೇನೆ. ಗಾಂಧಿ ಶತಮಾನೋತ್ಸವದ ವರ್ಷ, 1969ರಲ್ಲಿ, ಶುರುವಾದ ಎನ್‌ಎಸ್‌ಎಸ್ ಎಷ್ಟೋ ಪೇಟೆಯ ಮಕ್ಕಳಿಗೆ ಮೊದಲ ಬಾರಿಗೆ ಹಳ್ಳಿ ತೋರಿಸಿತು. ಅದನ್ನು ಅಲ್ಲಗಳೆಯಲಾರೆ. ಆದರೆ ಅರಿವು ಎಂದು ನಾವು ಕೊಡುತ್ತಿರುವುದು ಯಾವ ಅರಿವು? ನಲ್ಲಿ ತಿರುಗಿಸಿ ನಿಲ್ಲಿಸು, ಫ್ಯಾನ್ ಆರಿಸು, ಅನ್ನ ಚೆಲ್ಲಬೇಡ. ಹುಡುಗ ಫ್ಯಾನ್ ಆರಿಸುತ್ತಾನೆ, ಆಡಳಿತ ಕಚೇರಿಯ ಏಸಿ ಯಾರೂ ಇಲ್ಲದ ಕೋಣೆಯನ್ನು ತಂಪು ಮಾಡುತ್ತಿರುತ್ತದೆ. ಮೆಸ್ಸಿನ ಗೋಡೆಯ ಮೇಲೆ ‘ಅನ್ನ ದೇವರು’ ಎಂದು ಬರೆಸಿರುತ್ತಾರೆ, ಬರೆದವರೂ ವಿದ್ಯಾರ್ಥಿಗಳೇ. ಆ ಅನ್ನ ಅರ್ಧ ಬೆಂದಿದೆ, ಅದಕ್ಕೇ ಚೆಲ್ಲುತ್ತಿದ್ದೇವೆ ಎಂದು ಹೇಳಲು ಮೆಸ್ ಕಮಿಟಿಯಲ್ಲಿ ಅವರಿಗೆ ಜಾಗವಿಲ್ಲ. ಕಾರು ನಿಲ್ಲಿಸಲು ಜಾಗ ಬೇಕೆಂದು ಮೂವತ್ತು ವರ್ಷದ ಮರ ಉರುಳುತ್ತದೆ, ಮಾರನೆಯ ವಾರ ಅದೇ ಹುಡುಗರ ಕೈಯಲ್ಲಿ ಮೂವತ್ತು ಸಸಿ. ತಪ್ಪು ಮಾಡುವವರು ಒಬ್ಬರು, ಪ್ರಾಯಶ್ಚಿತ್ತ ಮಾಡುವವರು ಇನ್ನೊಬ್ಬರು. ಹೀಗೆ ಕಲಿತ ಅರಿವಿನಿಂದ ಹುಡುಗನಿಗೆ ಪರಿಸರ ಹಾಳಾಗುತ್ತಿರುವುದು ತನ್ನ ದುರಭ್ಯಾಸದಿಂದ ಎಂಬ ನಂಬಿಕೆ ಬರುತ್ತದೆ. ಈ ನಂಬಿಕೆ ಯಾರಿಗೆ ಅನುಕೂಲವೋ ಅವರೇ ಅದನ್ನು ಕಲಿಸುತ್ತಿದ್ದಾರೆ.

ನಮ್ಮ ನಾಡಿನಲ್ಲೇ ಬೇರೆ ಬಗೆಯ ಪಾಠ ನಡೆದದ್ದುಂಟು. 1987ರ ನವೆಂಬರ್ 14ರಂದು ಹಾನಗಲ್ ಕಡೆಯ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಸರ್ಕಾರವೂ ಖಾಸಗಿ ಕಂಪನಿಯೂ ಸೇರಿ ಸುಮಾರು 75 ಸಾವಿರ ಎಕರೆ ಗೋಮಾಳ, ಕಾಡುಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟಿದ್ದವು. ಜನ ನೀಲಗಿರಿ ಸಸಿ ಕಿತ್ತರು, ಊರಿಗೆ ಬೇಕಾದ ಗಿಡ ಹಚ್ಚಿದರು. ಗಮನಿಸಿ, ಕೀಳುವುದು ಮೊದಲು. ನಮ್ಮ ಕಾಲೇಜುಗಳ ಹಸಿರು ಬರಿ ಹಚ್ಚಿಕೋ. ಕೀಳುವ ಮಾತೆತ್ತಿದರೆ ಅದು ಶಿಸ್ತು ಉಲ್ಲಂಘನೆ.

ಶಿಸ್ತಿನ ಮಾತು ಬಂತಾದ್ದರಿಂದ ಹೇಳುತ್ತೇನೆ. ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆಯನ್ನು 1980ರ ದಶಕದ ಕೊನೆಗೆ ನಿಲ್ಲಿಸಲಾಯಿತು. ಹೊಡೆದಾಟ, ಕೊಲೆ, ರಾಜಕೀಯ ಪಕ್ಷಗಳ ಹಣ ಎಲ್ಲ ಒಳಗೆ ಬಂದದ್ದು ನಿಜ, ನಿಲ್ಲಿಸಿದಾಗ ತಂದೆತಾಯಿಗಳು ನಿಟ್ಟುಸಿರು ಬಿಟ್ಟದ್ದೂ ನಿಜ. ಆದರೆ ಆವತ್ತಿನಿಂದ ಮೂರು ದಶಕಗಳಿಗೂ ಹೆಚ್ಚು ಕಾಲ ಕಾಲೇಜಿಗೆ ಬಂದ ಹುಡುಗ ಹುಡುಗಿಯರು ತಮ್ಮ ಪರವಾಗಿ ಕೇಳುವವರನ್ನು ತಾವೇ ಆರಿಸುವುದು ಹೇಗೆಂದು ಕಲಿಯದೆ ಹೊರಬಿದ್ದರು. ಹದಿನೆಂಟು ತುಂಬಿದವರು ಪ್ರಧಾನಿಯನ್ನು ಆರಿಸಬಹುದು, ಇಕೋ ಕ್ಲಬ್ಬಿನ ಕಾರ್ಯದರ್ಶಿಯನ್ನು ಆರಿಸುವಂತಿಲ್ಲ. ಸಂಘವನ್ನು ಕಿತ್ತುಕೊಂಡ ಕೈಯೇ ಈಗ ಗಿಡ ಕೊಟ್ಟು ‘ನೀನೇ ನಾಯಕ’ ಎನ್ನುತ್ತಿದೆ.

ನಿಜವಾಗಿ ನಾಯಕರಾದರೆ ಏನಾಗುತ್ತದೆಂಬುದಕ್ಕೂ ಉದಾಹರಣೆಗಳಿವೆ. ಕೇಂದ್ರ ಸರ್ಕಾರ 2020ರಲ್ಲಿ ಪರಿಸರ ಪರಿಣಾಮ ಅಂದಾಜಿನ ನಿಯಮಗಳನ್ನು ಸಡಿಲಿಸುವ ಕರಡು ತಂದಾಗ ಫ್ರೈಡೇಸ್ ಫಾರ್ ಫ್ಯೂಚರ್ ಎಂಬ ಎಳೆಯರ ಗುಂಪು ಪರಿಸರ ಸಚಿವರಿಗೆ ಈಮೇಲ್ ಬರೆಯುವ ಅಭಿಯಾನ ನಡೆಸಿತು. ಬರೆದದ್ದು ಮನವಿ, ಬಂದದ್ದು ದೆಹಲಿ ಪೊಲೀಸರ ನೋಟೀಸು. ಅದರಲ್ಲಿ ಯುಎಪಿಎ ಕಾಯ್ದೆಯ ಕಲಮು ಇತ್ತು. ಆಮೇಲೆ ಪೊಲೀಸರು ಆ ಕಲಮು ಕಣ್ತಪ್ಪಿನಿಂದ ಸೇರಿತೆಂದು ಹಿಂದಕ್ಕೆ ಪಡೆದರು. ಭಯೋತ್ಪಾದನೆಯ ಕಲಮು ಕಣ್ತಪ್ಪಿ ಬೀಳುವ ದೇಶ ನಮ್ಮದು, ಈ ಕಣ್ತಪ್ಪಿನ ಅನುಭವ ಈ ಪತ್ರಿಕೆಯ ಕೆಲವು ಓದುಗರಿಗಾದರೂ ಹೊಸದಲ್ಲ. ಅದೇ ಗುಂಪಿನ, ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿದ ದಿಶಾ ರವಿಯನ್ನು 2021ರ ಫೆಬ್ರವರಿ 13ರಂದು ರೈತ ಚಳವಳಿಯ ಟೂಲ್‌ಕಿಟ್ ಹೆಸರಿನಲ್ಲಿ ರಾಜದ್ರೋಹದ ಆರೋಪ ಹೊರಿಸಿ ಹಿಡಿದೊಯ್ದರು. ಹತ್ತು ದಿನಗಳ ಮೇಲೆ ಜಾಮೀನು ಕೊಟ್ಟ ದೆಹಲಿಯ ನ್ಯಾಯಾಲಯ, ಸರ್ಕಾರದ ನೀತಿಯನ್ನು ಒಪ್ಪದಿರುವುದಷ್ಟೇ ಜೈಲಿಗೆ ಹಾಕಲು ಕಾರಣವಾಗದು ಎಂದಿತು. ನಮ್ಮ ಎಷ್ಟು ಕಾಲೇಜುಗಳ ಇಕೋ ಕ್ಲಬ್ಬುಗಳು ಆ ಹತ್ತು ದಿನ ಒಂದು ಸಾಲಿನ ಹೇಳಿಕೆ ಕೊಟ್ಟವು?

ಇನ್ನೊಂದು ಪಕ್ಕದ ಹೈದರಾಬಾದಿನದು. ಅಲ್ಲಿನ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಅಂಟಿಕೊಂಡ ಕಂಚ ಗಚ್ಚಿಬೌಲಿಯ 400 ಎಕರೆ ಹಸಿರು ನೆಲವನ್ನು ತೆಲಂಗಾಣ ಸರ್ಕಾರ ಐಟಿ ಕಟ್ಟಡಗಳಿಗಾಗಿ ಹರಾಜಿಗೆ ಸಿದ್ಧಮಾಡಿತು. 2025ರ ಮಾರ್ಚ್ 30, ಯುಗಾದಿಯ ದಿನ, ಮಾರನೆಯ ದಿನ ಈದ್. ರಜೆಯಲ್ಲಿ ಕ್ಯಾಂಪಸ್ ಖಾಲಿ ಇರುತ್ತದೆಂಬ ಲೆಕ್ಕ ಇದ್ದಿರಬೇಕು, ಬುಲ್ಡೋಜರುಗಳು ಬಂದವು. ಹಾಸ್ಟೆಲಿನಲ್ಲಿ ಉಳಿದಿದ್ದ ವಿದ್ಯಾರ್ಥಿಗಳು ಹಬ್ಬದ ಊಟ ಬಿಟ್ಟು ಅವುಗಳ ಮುಂದೆ ನಿಂತರು. ಪೊಲೀಸರು ಹತ್ತಾರು ಮಂದಿಯನ್ನು ಎಳೆದೊಯ್ದರು, ಹುಡುಗರು ತರಗತಿ ಬಹಿಷ್ಕರಿಸಿದರು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು ಮರ ಕಡಿಯುವುದನ್ನು ನಿಲ್ಲಿಸಿತು. ಆ ಹೊತ್ತಿಗೆ ಸುಮಾರು ನೂರು ಎಕರೆ ಬೋಳಾಗಿತ್ತು. ಆ ನೆಲದಲ್ಲಿ ಯಾವ ಹಕ್ಕಿ, ಯಾವ ಗಿಡ ಇವೆಯೆಂದು ವಿದ್ಯಾರ್ಥಿಗಳೇ ಹಿಂದಿನಿಂದ ದಾಖಲಿಸುತ್ತ ಬಂದಿದ್ದರು. ಹಾಸ್ಟೆಲ್ ಹಿಂದಿನ ಹೊಗೆಯನ್ನು ನೋಟ್‌ಬುಕ್ಕಿನಲ್ಲಿ ಬರೆದ ನಮ್ಮ ಹುಡುಗಿಯ ಕೆಲಸವೂ ಇದೇ ಜಾತಿಯದು. ವ್ಯತ್ಯಾಸ ಇಷ್ಟೇ, ಹೈದರಾಬಾದಿನಲ್ಲಿ ಚುನಾಯಿತ ವಿದ್ಯಾರ್ಥಿ ಸಂಘವೊಂದಿತ್ತು. ಅವಳ ಬೆನ್ನಿಗೆ ಯಾರೂ ಇರಲಿಲ್ಲ.

ಸಂಘ ಬರುವ ತನಕ ಕಾಯುತ್ತ ಕೂರಬೇಕಾಗಿಲ್ಲ. ಕಾಲೇಜು ಸರ್ಕಾರದ್ದೋ ಅನುದಾನಿತವೋ ಆಗಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಅದಕ್ಕೆ ಅನ್ವಯಿಸುತ್ತದೆ. ಪೂರ್ತಿ ಖಾಸಗಿಯಾಗಿದ್ದರೆ ಪಾಲಿಕೆಯನ್ನು, ಮಾಲಿನ್ಯ ನಿಯಂತ್ರಣ ಮಂಡಳಿಯನ್ನು, ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯನ್ನು ಕೇಳಬಹುದು, ಅವರಲ್ಲೂ ಕಾಗದ ಇರಲೇಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ, ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ಕಳೆದ ವರ್ಷ ನಮ್ಮ ಆವರಣದಿಂದ ದಿನಕ್ಕೆ ಎಷ್ಟು ಕಿಲೋ ಕಸ ಹೋಯಿತು, ಯಾರು ಒಯ್ದರು, ಎಲ್ಲಿ ಸುರಿದರು ಎಂದು ಒಂದು ಅರ್ಜಿ. ಕಡಿದ ಮರಗಳಿಗೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಪಡೆದ ಅನುಮತಿಯ ನಕಲು ಕೊಡಿ ಎಂದು ಇನ್ನೊಂದು. ಗುಡಿಸುವ ಹೆಂಗಸರಿಗೆ ಗುತ್ತಿಗೆದಾರ ಕೊಡುತ್ತಿರುವ ತಿಂಗಳ ಕೂಲಿ ಎಷ್ಟು ಎಂದು ಮೂರನೆಯದು. ನ್ಯಾಕ್‌ಗೆ ಸಲ್ಲಿಸಿದ ಹಸಿರು ಆಡಿಟಿನ ಪ್ರತಿ ಕೊಡಿ ಎಂದು ನಾಲ್ಕನೆಯದು. ಒಟ್ಟು ನಲವತ್ತು ರೂಪಾಯಿ. ಮುಂದಿನ ಜೂನ್ ಐದಕ್ಕೆ ಉತ್ತರ ಕೈಗೆ ಬರಬೇಕೆಂದರೆ ಏಪ್ರಿಲಿನಲ್ಲೇ ಅರ್ಜಿ ಹಾಕಬೇಕು, ಪರೀಕ್ಷೆ ಶುರುವಾಗುವುದಕ್ಕೆ ಮುಂಚೆ.